ಹಲಸಿನ ಕಡ್ಡಿಗೂ ಬೆಲೆ, ನಿಮ್ಮ ಫೈಲಿಗೂ ಬೆಲೆ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಸಂತೆಗೆ ಹೆಸರುವಾಸಿ. ಸೀಸನ್‌ನಲ್ಲಿ ಹತ್ತು, ಇಪ್ಪತ್ತು ಕಿಲೊ ತೂಗುವ ಹಣ್ಣುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಆದರೆ ಆ ಊರಿನ ಹೆಸರನ್ನು ದೂರದೂರಕ್ಕೆ ಒಯ್ದದ್ದು ಎರಡೂವರೆ ಕಿಲೊ ಆಸುಪಾಸಿನ ಒಂದು ಪುಟ್ಟ ಹಣ್ಣು. ಎಸ್‌.ಕೆ. ಸಿದ್ದಪ್ಪ ಅವರು ನೆಟ್ಟ ಮರದ ಹಣ್ಣು ಅದು. ತೊಳೆ ತಾಮ್ರಗೆಂಪು. ಹೆಸರು ‘ಸಿದ್ದು’.

ಹಣ್ಣಿನ ರುಚಿಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನಗೆ ಅದಕ್ಕಿಂತ ರುಚಿಸಿದ್ದು ಅದರ ಹಿಂದಿನ ಒಪ್ಪಂದ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್‌ಆರ್‌) ಸಿದ್ದಪ್ಪನವರ ಮಗ ಎಸ್‌.ಎಸ್‌. ಪರಮೇಶ ಅವರೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಕಸಿ ಸಸಿ ಬೆಳೆಸುವ ಕೆಲಸ ತುಮಕೂರು ಸಮೀಪದ ಹಿರೇಹಳ್ಳಿಯಲ್ಲಿರುವ ಸಂಸ್ಥೆಯ ಕೇಂದ್ರದ್ದು. ಸಸಿ ಮಾರಾಟವಾಗುವುದು ‘ಸಿದ್ದು’ ಎಂಬ ಹೆಸರಿನಲ್ಲೇ. ಬಂದ ಹಣದಲ್ಲಿ ಶೇ 75ರಷ್ಟು ರೈತನಿಗೆ. ಮುಂದೆ ಇದೇ ಜಿಲ್ಲೆಯ ಶಂಕರಯ್ಯ ಅವರ ಮರದ ಹಲಸು ‘ಶಂಕರ’ ಎಂಬ ಹೆಸರು ಪಡೆಯಿತು.

ಇದರಲ್ಲಿ ಅಂಥ ವಿಶೇಷವೇನು ಎನ್ನಬಹುದು. ಹಲಸನ್ನು ಬೀಜದಿಂದ ಬೆಳೆಸಿದರೆ ತಾಯಿಮರದ ಗುಣವೇ ಬರುತ್ತದೆಂದು ಹೇಳಲಾಗದು. ಅದೇ ಗುಣ ಬೇಕೆಂದರೆ ಕಸಿ ಕಟ್ಟಲೇಬೇಕು. ಅಂದರೆ ಮರದ ಮೌಲ್ಯವೆಲ್ಲ ಇರುವುದು ಪೆನ್ಸಿಲ್‌ನಷ್ಟು ದಪ್ಪದ ಒಂದು ಕಡ್ಡಿಯಲ್ಲಿ! ಅದನ್ನು ಯಾರಾದರೂ ಜೇಬಿನಲ್ಲಿಟ್ಟುಕೊಂಡು ಹೋದರೆ ಮರದ ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ಮರ ಅಲ್ಲೇ ಇರುತ್ತದೆ, ಹಣ್ಣೂ ಬಿಡುತ್ತದೆ. ಹೋದದ್ದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ, ಕೇಳಿದವರಿಗೆ ಕಡ್ಡಿ ಕೊಡುವುದು ನಮ್ಮ ಕಡೆ ಸೌಜನ್ಯ. ಇಲ್ಲ ಎಂದವನು ಜಿಪುಣ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈ ಸೌಜನ್ಯಕ್ಕೆ ಅಡ್ಡ ಬರುವುದಿಲ್ಲ. ರೈತ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ ಅಷ್ಟೆ. ತನ್ನದೇ ತಳಿಯನ್ನು ನೋಂದಾಯಿಸಲು ರೈತನಿಗೆ ಶುಲ್ಕವೂ ಇಲ್ಲ. ಮರಗಳಾದರೆ ರಕ್ಷಣೆಯ ಅವಧಿ 18 ವರ್ಷ. ಚಿಪ್ಸ್‌ಗೆ ಬಳಸುವ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ಪೆಪ್ಸಿಕೊ ಹೂಡಿದ್ದ ಮೊಕದ್ದಮೆಗಳನ್ನು 2019ರಲ್ಲಿ ಹಿಂದಕ್ಕೆ ಪಡೆದಾಗ ಹೆಚ್ಚು ಚರ್ಚೆಯಾದದ್ದು ಇದೇ ಕಾಯ್ದೆ.

ಕಡ್ಡಿಯ ಮಾತು ಓದುವಾಗಲೆಲ್ಲ ನನಗೆ ಹುಲಿಯೂರುದುರ್ಗದ ಗೆಳೆಯನೊಬ್ಬ ನೆನಪಾಗುತ್ತಾನೆ. ಡಿಗ್ರಿ ಮುಗಿಸಿ, ಕೆಲಸ ಸಿಗುವವರೆಗೆ ಎಂದು ಲಗ್ನಪತ್ರಿಕೆ, ಬ್ಯಾನರ್, ಲೋಗೊ ಡಿಸೈನ್ ಮಾಡುತ್ತಿದ್ದಾನೆ. ಒಬ್ಬ ವ್ಯಾಪಾರಿಗೆ ಲೋಗೊ ಮಾಡಿ, ‘ಸ್ಯಾಂಪಲ್ ನೋಡ್ತೀನಿ, ಕಳಿಸಪ್ಪ’ ಎಂದಾಗ ಫೈಲ್ ಕಳಿಸಿದ. ‘ಇಷ್ಟ ಆಗಲಿಲ್ಲ’ ಎಂಬ ಉತ್ತರ ಬಂತು, ದುಡ್ಡು ಬರಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ಲೋಗೊ, ಬಣ್ಣ ಮಾತ್ರ ಬದಲಾಗಿ, ಅಂಗಡಿಯ ಬೋರ್ಡ್ ಮೇಲಿತ್ತು. ಕೇಳಲು ಹೋದರೆ, ‘ನೀನೇನು ರಿಜಿಸ್ಟರ್ ಮಾಡಿಸಿದ್ಯಾ?’ ಎಂಬ ಪ್ರಶ್ನೆ.

ಆ ಪ್ರಶ್ನೆಯೇ ತಪ್ಪು. ಚಿತ್ರ, ಬರಹ, ಹಾಡು ಯಾವುದೇ ಇರಲಿ, ರಚಿಸಿದ ಕ್ಷಣದಿಂದಲೇ 1957ರ ಕಾಪಿರೈಟ್ ಕಾಯ್ದೆಯ ರಕ್ಷಣೆ ಅದಕ್ಕಿದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದ್ದರೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನೆರವಾಗುತ್ತದೆ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕೆಂದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಕಾಯ್ದೆ ಹೇಳುತ್ತದೆ. ಗೆಳೆಯನ ಬಳಿ ಮೂಲ ಫೈಲ್, ಅದರ ದಿನಾಂಕ, ವಾಟ್ಸ್‌ಆ್ಯಪ್ ಚಾಟ್ ಎಲ್ಲವೂ ಇದ್ದವು. ವಕೀಲರಿಂದ ಒಂದು ನೋಟಿಸ್ ಹೋದ ಮೇಲೆ ಅರ್ಧ ಹಣ ಬಂತು. ಇನ್ನರ್ಧಕ್ಕೆ ಕೋರ್ಟಿಗೆ ಅಲೆಯುವ ಶಕ್ತಿ ಅವನಿಗಿರಲಿಲ್ಲ. ಕಾನೂನು ನಮ್ಮ ಕಡೆ ಇರುವುದೂ ಅದನ್ನು ಬಳಸಿಕೊಳ್ಳುವಷ್ಟು ಬಸ್‌ಚಾರ್ಜ್ ಜೇಬಿನಲ್ಲಿರುವುದೂ ಬೇರೆ ಬೇರೆ. ಈಗ ಅವನು ಮುಂಗಡ ಬರುವ ತನಕ ಮೂಲ ಫೈಲ್ ಕೊಡುವುದಿಲ್ಲ. ಮೇಲೆ ಅಡ್ಡಗೆರೆ ಎಳೆದ ಮಸುಕು ಚಿತ್ರವನ್ನಷ್ಟೇ ಕಳಿಸುತ್ತಾನೆ.

ಎಲ್ಲ ಕೆಲಸಕ್ಕೂ ಇದೇ ನಿಯಮವಲ್ಲ. ಸಂಬಳಕ್ಕೆ ಸೇರಿ ಮಾಡಿದ ಕೃತಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯದ್ದೇ. ಹಣ ಪಡೆದು ತೆಗೆದ ಮದುವೆಯ ಫೋಟೊ, ವಿಡಿಯೊಗಳ ಮೊದಲ ಹಕ್ಕುದಾರ, ಬೇರೆ ಮಾತಾಗಿರದಿದ್ದರೆ, ತೆಗೆಸಿದವನೇ ಹೊರತು ಫೋಟೊಗ್ರಾಫರ್ ಅಲ್ಲ. ಇದನ್ನು ಹೇಳಿದಾಗ ಕ್ಯಾಮೆರಾ ಹಿಡಿದ ನನ್ನ ಗೆಳೆಯರು ಯಾರೂ ನಂಬಲಿಲ್ಲ. ತೆಗೆದ ಚಿತ್ರವನ್ನು ತಮ್ಮ ಪೇಜ್‌ನಲ್ಲಿ ಹಾಕಬೇಕೆಂದಿದ್ದರೆ ಬುಕಿಂಗ್ ಸಮಯದಲ್ಲೇ ಒಂದು ಸಾಲು ಬರೆಸಿಕೊಳ್ಳಬೇಕು.

ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಮಾರುವವರದ್ದು ಇನ್ನೊಂದು ಕಥೆ. ಉದ್ಯಮ್ ನೋಂದಣಿ ಇದೆ, ಜಿಎಸ್‌ಟಿ ನಂಬರ್ ಇದೆ, ಹಾಗಾಗಿ ಹೆಸರು ನಮ್ಮದೇ ಎಂದುಕೊಂಡಿರುತ್ತಾರೆ. ಅವೆರಡಕ್ಕೂ ಹೆಸರಿನ ಹಕ್ಕಿಗೂ ಸಂಬಂಧವಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಬೇಕು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸಣ್ಣ ಉದ್ಯಮಗಳು ಒಂದು ವರ್ಗಕ್ಕೆ ಕೊಡಬೇಕಾದ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಅರ್ಜಿಗೆ ಮೊದಲು ಅದೇ ಹೆಸರು ಬೇರೆಯವರದ್ದಾಗಿದೆಯೇ ಎಂದು ಇಲಾಖೆಯ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಪ್ಯಾಕೆಟ್ ಪ್ರಿಂಟ್ ಹಾಕಿಸುವ ಮೊದಲು ಹುಡುಕಿದರೆ ಇನ್ನೂ ಒಳ್ಳೆಯದು.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ವಿಷಯ. ಈ ಕ್ಷೇತ್ರದಲ್ಲಿ ದುಡಿಯಲು ಎಲ್‌ಎಲ್‌ಬಿ ಆಗಿರಲೇಬೇಕೆಂದಿಲ್ಲ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ, 21 ವರ್ಷ ವಯಸ್ಸು ಇದ್ದರೆ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಎರಡೂ ಪ್ರತಿವರ್ಷ ತಪ್ಪದೆ ನಡೆಯುವ ಪರೀಕ್ಷೆಗಳಲ್ಲ, ಪ್ರಕಟಣೆ ಮೇಲೆ ಕಣ್ಣಿಟ್ಟಿರಬೇಕು. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಬಸ್ ಹತ್ತುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಈ ಪರೀಕ್ಷೆಯ ಹೆಸರು ಕೇಳಿದವರು ನನಗೆ ಸಿಕ್ಕಿದ್ದು ಇಬ್ಬರೇ.