ಕಿರುಪೆಟ್ಟಿಗೆಯ ಗಣಕಯಂತ್ರ: ಅದರ ರಚನೆ ಮತ್ತು ಗಡಿ ತಾಲೂಕುಗಳ ದಫ್ತರ ಸಂಗ್ರಹದಲ್ಲಿ ಅದರ ಉಪಯೋಗ

೧

ಗಣಕಯಂತ್ರದ ಜೋಡಣೆಯನ್ನು ಕುರಿತ ಬರಹಕ್ಕೆ ಇತಿಹಾಸಾಭ್ಯಾಸಿಗಳ ಪತ್ರಿಕೆಯಲ್ಲಿ ಏನು ಸ್ಥಾನವೆಂದು ವಾಚಕರು ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಆಧಾರಸಾಮಗ್ರಿಯ ಸ್ಥಿತಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ಉತ್ತರವು ತಾನಾಗಿಯೇ ಹೊಳೆಯುವುದು. ಇವುಗಳಲ್ಲಿ ರಾಯಬಾಗವು ೧೯೪೯ರಲ್ಲಿ ವಿಲೀನವಾಗುವವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿದ್ದಿತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದವು. ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರೆಯಾಗಿ ತಾಲೂಕುಗಳಾದುದು ಈಚಿನ ಮಾತು. ೧೯೫೬ರ ನವೆಂಬರ್ ೧ರಂದು ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಇಲ್ಲಿಯ ಲೆಕ್ಕಪತ್ರಗಳು ಕನ್ನಡದಲ್ಲಿಯೂ ಮೋಡಿ ಲಿಪಿಯ ಮರಾಠಿಯಲ್ಲಿಯೂ ಬರೆಯಲ್ಪಡುತ್ತಿದ್ದವು. ಕುಲಕರ್ಣಿ ವತನಗಳು ೧೯೫೦ರ ಮುಂಬಯಿ ಕಾಯಿದೆಯಿಂದ ರದ್ದಾದ ಮೇಲೆಯೂ ಮನೆತನದ ಕಿರ್ದಿ, ಖಾತೆ, ಹಂಚಿಕೆಪತ್ರ, ಸಾಲಪತ್ರಗಳು ಬಟ್ಟೆಯ ರುಮಾಲುಗಳಲ್ಲಿ ಕಟ್ಟಲ್ಪಟ್ಟು ಹಳೆಯ ಮನೆಗಳಲ್ಲಿಯೇ ಉಳಿದಿರುವುದುಂಟು.

ಈ ಕಾಗದಗಳಿಗೆ ಎರಡು ವಿಧದ ಅಪಾಯಗಳಿವೆ. ಗೆದ್ದಲು ಮತ್ತು ತೇವಗಳದು ನಿಧಾನವಾದ ಅಪಾಯ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಮಹಾಪೂರದ್ದು ಒಂದೇ ರಾತ್ರಿಯ ಅಪಾಯ. ೨೦೦೫, ೨೦೧೯, ೨೦೨೧ ಈ ಮೂರು ವರ್ಷಗಳ ಮಹಾಪೂರಗಳನ್ನು ಕಂಡ ನದೀತೀರದ ಊರುಗಳಲ್ಲಿ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ಮನೆಯವರು ತಮ್ಮ ಕಾಗದಗಳನ್ನು ಪರರ ಕೈಗೆ ಕೊಟ್ಟು ಕಳುಹಿಸಲು ಒಪ್ಪುವುದು ವಿರಳ. ಭೂಮಿಯ ಹಕ್ಕುಗಳು ಆ ಕಾಗದಗಳಲ್ಲಿ ಅಡಗಿರುವಾಗ ಅವರ ಈ ಹಿಂಜರಿಕೆಯು ನ್ಯಾಯವಾದುದೇ. ಆದುದರಿಂದ ಕಾಗದವು ಯಂತ್ರದ ಬಳಿಗೆ ಬರುವಂತಿಲ್ಲ. ಯಂತ್ರವೇ ಕಾಗದದ ಬಳಿಗೆ ಹೋಗಬೇಕು. ಅಂತಹ ಯಂತ್ರವು ಒಬ್ಬನು ಬಸ್ಸಿನಲ್ಲಿ ತೊಡೆಯ ಮೇಲೆ ಇರಿಸಿಕೊಂಡು ಹೋಗುವಷ್ಟು ಚಿಕ್ಕದಾಗಿರಬೇಕು; ಕೆಟ್ಟರೆ ಸಮೀಪದ ಪೇಟೆಯಲ್ಲಿಯೇ ದುರಸ್ತಿಯಾಗುವಂತಿರಬೇಕು. ಈ ಎರಡು ಬೇಡಿಕೆಗಳನ್ನು ಹೊಂದಿಸುವ ಬಗೆಯನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೨

ಸಣ್ಣ ಗಣಕವನ್ನು ಕಟ್ಟುವ ಪ್ರಯತ್ನವು ಕರ್ನಾಟಕಕ್ಕೆ ಹೊಸದಲ್ಲ. ೧೯೯೮ರಲ್ಲಿ ಬೆಂಗಳೂರಿನಲ್ಲಿ ನಡೆದ ಚರ್ಚೆಗಳಿಂದ ಮೊಳೆತ ‘ಸಿಂಪ್ಯೂಟರ್’ ಎಂಬ ಅಂಗೈಗಣಕದ ಮಾದರಿಯು ೨೦೦೧ರಲ್ಲಿ ಪ್ರಕಟವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮುಂತಾದವರೂ ಅದರ ಹಿಂದೆ ಇದ್ದರು. ಓದುಬರಹ ಬಾರದ ಗ್ರಾಮಸ್ಥನೂ ತನ್ನ ಭಾಷೆಯಲ್ಲಿ ಬಳಸಬಲ್ಲ ಅಗ್ಗದ ಯಂತ್ರವೊಂದು ಇರಬೇಕೆಂಬುದು ಅವರ ಗುರಿಯಾಗಿದ್ದಿತು. ಅದೇ ಕಾಲಕ್ಕೆ ರಾಜ್ಯದ ‘ಭೂಮಿ’ ಯೋಜನೆಯು ಸುಮಾರು ೨ ಕೋಟಿ ಪಹಣಿಗಳನ್ನು ತಾಲೂಕು ಕಚೇರಿಗಳ ಗಣಕಗಳಿಗೆ ಏರಿಸಿತು. ಸರಕಾರದ ದಾಖಲೆಯು ಗಣಕವನ್ನು ಸೇರಿ ಎರಡು ದಶಕಗಳು ಸಂದಿವೆ. ಮನೆಗಳಲ್ಲಿರುವ ದಾಖಲೆಯು ಇನ್ನೂ ರುಮಾಲಿನಲ್ಲಿಯೇ ಇದೆ.

ಸಿಂಪ್ಯೂಟರ್ ಕೆಲವು ಸಾವಿರಗಳ ಆಚೆಗೆ ಮಾರಾಟವಾಗಲಿಲ್ಲ. ಅದರ ಕಾರಣಗಳು ಹಲವು. ಅವುಗಳ ಪರೀಕ್ಷೆಯು ಇಲ್ಲಿ ಪ್ರಕೃತವಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಒಂದೇ ಅಂಶ: ಅದರ ಒಳಹಲಗೆಯು ಅದೊಂದಕ್ಕಾಗಿಯೇ ರಚಿತವಾದುದಾಗಿದ್ದಿತು. ಅದೇ ೨೦೦೧ರಲ್ಲಿ ತೈವಾನಿನ ವಿಯಾ ಸಂಸ್ಥೆಯು ಇನ್ನೊಂದು ದಾರಿಯನ್ನು ಹಿಡಿದು, ‘ಮಿನಿ-ಐಟಿಎಕ್ಸ್’ ಎಂಬ ಮದರ್‌ಬೋರ್ಡಿನ ಅಳತೆಯನ್ನು ಪ್ರಕಟಿಸಿತು. ಇದು ಒಂದು ಯಂತ್ರವಲ್ಲ, ಯಾರು ಬೇಕಾದರೂ ಅನುಸರಿಸಬಹುದಾದ ಒಂದು ಅಳತೆ. ಊರೂರಿಗೆ ಬೇರೆ ಬೇರೆ ಕೊಳಗಗಳಿದ್ದ ಕಾಲದ ಲೆಕ್ಕಗಳನ್ನು ಓದಿದವರಿಗೆ ಸಮಾನವಾದ ಅಳತೆಯ ಬೆಲೆಯೇನೆಂದು ಬೇರೆ ಹೇಳಬೇಕಾಗಿಲ್ಲ.

೩

೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಗೊತ್ತುಮಾಡಿದ ಎಟಿಎಕ್ಸ್ ಹಲಗೆಯು ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲವುಳ್ಳದ್ದು. ಮಿನಿ-ಐಟಿಎಕ್ಸ್ ಹಲಗೆಯಾದರೋ ೧೭೦ ಮಿಲಿಮೀಟರುಗಳ ಚೌಕ. ಅದರ ಕ್ಷೇತ್ರವು ದೊಡ್ಡ ಹಲಗೆಯ ಐದರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ. ಅದರ ನಾಲ್ಕು ತಿರುಪಿನ ರಂಧ್ರಗಳು ಎಟಿಎಕ್ಸ್ ಪೆಟ್ಟಿಗೆಯ ರಂಧ್ರಗಳಿಗೆ ಸರಿಹೊಂದುವುದರಿಂದ, ಚಿಕ್ಕ ಪೆಟ್ಟಿಗೆಯು ಜಖಂಗೊಂಡರೂ ಹಲಗೆಯನ್ನು ಕಚೇರಿಯ ಯಾವುದಾದರೊಂದು ಹಳೆಯ ಕ್ಯಾಬಿನೆಟ್ಟಿನಲ್ಲಿ ಕೂರಿಸಿ ಕೆಲಸವನ್ನು ಮುಂದುವರಿಸಬಹುದು. ಈ ಅನುಕೂಲಕ್ಕಾಗಿ ಕೆಲವನ್ನು ಬಿಟ್ಟುಕೊಡಬೇಕಾಗುತ್ತದೆ: ಹೆಚ್ಚುವರಿ ಕಾರ್ಡುಗಳಿಗೆ ಒಂದೇ ಸ್ಥಾನವಿರುತ್ತದೆ, ರ‍್ಯಾಮ್ ಪಟ್ಟಿಗಳಿಗೆ ಸಾಮಾನ್ಯವಾಗಿ ಎರಡೇ ಸ್ಥಾನಗಳಿರುತ್ತವೆ. ದಾಖಲೆಗಳ ಕೆಲಸಕ್ಕೆ ಇದು ಸಾಕು. ಪ್ರೊಸೆಸರಿನಲ್ಲಿಯೇ ಚಿತ್ರಶಕ್ತಿಯು ಅಡಕವಾಗಿದ್ದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಾಗುವುದಿಲ್ಲ. ಪೆಟ್ಟಿಗೆಯ ಗಾತ್ರವನ್ನು ಬೆಳೆಸುವ ಮುಖ್ಯ ವಸ್ತುವೇ ಅದು.

ಎರಡನೆಯ ಮುಖ್ಯ ಅಂಗವು ವಿದ್ಯುತ್ತನ್ನು ಪೂರೈಸುವ ಎಸ್‌ಎಂಪಿಎಸ್. ಸಾಮಾನ್ಯ ಎಟಿಎಕ್ಸ್ ಅಳತೆಯದು ಸುಮಾರು ೧.೮ ಲೀಟರಿನಷ್ಟು ಜಾಗವನ್ನು ಆಕ್ರಮಿಸಿದರೆ, ೧೨೫ × ೧೦೦ × ೬೩.೫ ಮಿಲಿಮೀಟರುಗಳ ಎಸ್‌ಎಫ್‌ಎಕ್ಸ್ ಅಳತೆಯದು ಸುಮಾರು ೦.೮ ಲೀಟರಿನಷ್ಟನ್ನು ಮಾತ್ರ ಆಕ್ರಮಿಸುತ್ತದೆ. ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರಿನಿಂದ ನಡೆಯುವ ಇನ್ನೂ ಚಿಕ್ಕ ಪೆಟ್ಟಿಗೆಗಳಿವೆ. ಆದರೆ ಅವುಗಳ ಅಡಾಪ್ಟರು ಸುಟ್ಟರೆ ಅದೇ ವೋಲ್ಟೇಜಿನ, ಅದೇ ಪಿನ್ನಿನ ಮತ್ತೊಂದನ್ನು ಹುಡುಕಬೇಕಾಗುತ್ತದೆ. ಆದುದರಿಂದ ಎಸ್‌ಎಫ್‌ಎಕ್ಸ್ ಹಿಡಿಸುವ ಪೆಟ್ಟಿಗೆಯನ್ನೇ ನಾವು ಶಿಫಾರಸು ಮಾಡುತ್ತೇವೆ. ೩೦ × ೨೨ × ೧೫ ಸೆಂಟಿಮೀಟರುಗಳ ಪೆಟ್ಟಿಗೆಯೆಂದರೆ ಸುಮಾರು ೧೦ ಲೀಟರು. ಮೇಜಿನ ಕೆಳಗಿಡುವ ೪೫ × ೨೧ × ೪೫ ಸೆಂಟಿಮೀಟರುಗಳ ಸಾಮಾನ್ಯ ಪೆಟ್ಟಿಗೆಯು ೪೨ ಲೀಟರಿಗೂ ಮಿಕ್ಕಿದ್ದು. ಅದರ ಕಾಲುಭಾಗಕ್ಕಿಂತಲೂ ಇದು ಚಿಕ್ಕದು.

ಹಾಗಾದರೆ ಲ್ಯಾಪ್‌ಟಾಪೇ ಏಕಾಗಬಾರದು? ಓದುವುದಕ್ಕೂ ಟಿಪ್ಪಣಿ ಬರೆದುಕೊಳ್ಳುವುದಕ್ಕೂ ಅದು ಉತ್ತಮವೇ. ಆದರೆ ಅದರ ಹಲಗೆಯು ಆಯಾ ಮಾದರಿಗೆ ಮೀಸಲಾದುದು. ಹಲವು ಮಾದರಿಗಳಲ್ಲಿ ರ‍್ಯಾಮ್ ಕೂಡ ಬೆಸುಗೆಗೊಂಡಿರುತ್ತದೆ. ಒಂದು ಅಂಗವು ಕೆಟ್ಟರೆ ಇಡೀ ಯಂತ್ರವೇ ನಿಲ್ಲುವ ಸಂಭವವಿದೆ. ಅಳತೆಗೆ ಒಳಪಟ್ಟ ಕಿರುಪೆಟ್ಟಿಗೆಯಲ್ಲಾದರೋ ಕೆಟ್ಟ ಅಂಗವನ್ನು ಮಾತ್ರ ಬದಲಿಸಿ ಉಳಿದುದನ್ನು ಹತ್ತು ವರ್ಷಗಳ ಕಾಲ ಬಳಸಬಹುದು. ವಾರ್ಷಿಕ ಅನುದಾನವು ಅಲ್ಪವಾಗಿರುವ ವಿಭಾಗಗಳಿಗೆ ಈ ಗುಣವು ವೇಗಕ್ಕಿಂತ ಮಿಗಿಲಾದುದು.

೪

ಚಿಕ್ಕ ಪೆಟ್ಟಿಗೆಯನ್ನು ದೊಡ್ಡದರ ಕುಗ್ಗಿಸಿದ ರೂಪವೆಂದು ಭಾವಿಸಲಾಗದು. ದೊಡ್ಡದರಲ್ಲಿ ತಪ್ಪುಗಳನ್ನು ಬಯಲು ಜಾಗವೇ ಮುಚ್ಚಿಕೊಳ್ಳುತ್ತದೆ. ಚಿಕ್ಕದರಲ್ಲಿ ಪ್ರತಿಯೊಂದು ಬೆರಳಗಲಕ್ಕೂ ಲೆಕ್ಕ ಹೇಳಬೇಕಾಗುತ್ತದೆ. ಅವುಗಳಲ್ಲಿ ಮೊದಲನೆಯದು ಶಾಖದ ಲೆಕ್ಕ. ಪ್ರೊಸೆಸರಿನ ಮೇಲೆ ಕೂರುವ ಹೀಟ್‌ಸಿಂಕು ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡಬಲ್ಲುದೇ ಹೊರತು ಆ ಗಾಳಿಗಿಂತ ತಣ್ಣಗಾಗಲಾರದು. ಒಂದೇ ಹೊರೆಯಲ್ಲಿ ಪ್ರೊಸೆಸರಿಗೂ ಗಾಳಿಗೂ ಇರುವ ತಾಪದ ಅಂತರವು ಹೆಚ್ಚುಕಡಿಮೆ ಸ್ಥಿರವಾದುದು. ಆ ಅಂತರವು ೫೦ ಡಿಗ್ರಿಯಾಗಿದ್ದರೆ, ೨೫ ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು ೭೫ ಡಿಗ್ರಿಯಲ್ಲಿರುತ್ತದೆ. ಏಪ್ರಿಲ್ ತಿಂಗಳ ಅಥಣಿಯಲ್ಲಿ ಗಾಳಿಯೇ ೪೦ ಡಿಗ್ರಿಯನ್ನು ಮುಟ್ಟಿದಾಗ ಅದು ೯೦ಕ್ಕೆ ಏರುತ್ತದೆ. ೯೫-೧೦೦ ಡಿಗ್ರಿಗಳ ಎಲ್ಲೆಯ ಬಳಿ ಬಂದೊಡನೆ ಪ್ರೊಸೆಸರು ತನ್ನನ್ನು ತಾನೇ ರಕ್ಷಿಸಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ತಂಪು ದೇಶದ ಪರೀಕ್ಷಾವರದಿಗಳನ್ನು ನೋಡಿ ಅಂಗಗಳನ್ನು ಆರಿಸಿದರೆ ನಮ್ಮಲ್ಲಿ ಕೆಲಸ ಕೆಡುವುದು ಈ ಕಾರಣದಿಂದಲೇ. ೬೫ ವ್ಯಾಟಿನ, ಸಾಧ್ಯವಾದರೆ ೩೫ ವ್ಯಾಟಿನ ಪ್ರೊಸೆಸರನ್ನು ಆರಿಸಿಕೊಳ್ಳುವುದು ಲೇಸು. ಹೀಟ್‌ಸಿಂಕಿನ ಎತ್ತರವನ್ನು ಪೆಟ್ಟಿಗೆಯು ಅನುಮತಿಸುವ ಎತ್ತರದೊಡನೆ ಕೊಳ್ಳುವ ಮೊದಲೇ ತಾಳೆ ನೋಡಬೇಕು. ಅಲ್ಲಿ ಎರಡು ಮಿಲಿಮೀಟರುಗಳ ಹೆಚ್ಚಳವೂ ಮುಚ್ಚಳವನ್ನು ಮುಚ್ಚಗೊಡದು.

ಎರಡನೆಯದು ಧೂಳಿನ ಲೆಕ್ಕ. ನಿಪ್ಪಾಣಿಯ ಪೇಟೆಯಲ್ಲಿ ಬೀಡಿ ತಂಬಾಕಿನ ನವುರಾದ ಪುಡಿ, ಉಗಾರದಂತಹ ಸಕ್ಕರೆ ಕಾರಖಾನೆಗಳ ಸುತ್ತ ಕಬ್ಬಿನ ಸಿಪ್ಪೆಯ ಮತ್ತು ಬೂದಿಯ ಕಣಗಳು, ಕೊನೆಗೆ ರುಮಾಲನ್ನು ಬಿಚ್ಚಿದೊಡನೆ ಏಳುವ ನೂರು ವರ್ಷದ ಧೂಳು. ಇವೆಲ್ಲವೂ ಹೀಟ್‌ಸಿಂಕಿನ ತೆಳು ಎಲೆಗಳ ನಡುವೆ ಸಿಕ್ಕಿಕೊಂಡು ಶಾಖದ ದಾರಿಯನ್ನು ಕಟ್ಟುತ್ತವೆ. ಗಾಳಿಯನ್ನು ಒಳಗೆ ನೂಕುವ ಫ್ಯಾನುಗಳ ಬಲವು ಹೊರಗೆ ಸೆಳೆಯುವವುಗಳ ಬಲಕ್ಕಿಂತ ಹೆಚ್ಚಾಗಿದ್ದರೆ, ಗಾಳಿಯು ಜರಡಿಯಿರುವ ದಾರಿಯಿಂದಲೇ ಒಳಬಂದು ಎಲ್ಲ ಬಿರುಕುಗಳಿಂದಲೂ ಹೊರಹೋಗುತ್ತದೆ. ತೊಳೆಯಬೇಕಾದುದು ಆಗ ಜರಡಿಯೊಂದೇ. ಪೆಟ್ಟಿಗೆಯನ್ನು ನೆಲದ ಮೇಲೆ ಇಡದೆ ಮೇಜಿನ ಮೇಲಿಡುವುದೂ ಅರ್ಧ ಧೂಳನ್ನು ತಪ್ಪಿಸುವ ಉಪಾಯವೇ.

ಮೂರನೆಯದು ವಿದ್ಯುತ್ತಿನ ಲೆಕ್ಕ. ಇಂತಹ ಯಂತ್ರವೂ ಚಿಕ್ಕ ಪರದೆಯೂ ಸೇರಿ ಪುಟಗಳ ಪ್ರತಿ ತೆಗೆಯುವಾಗ ೬೦-೭೦ ವ್ಯಾಟುಗಳಲ್ಲಿ ನಡೆಯಬಲ್ಲುವು. ಸಾಮಾನ್ಯ ಯುಪಿಎಸ್‌ನಲ್ಲಿರುವ ೧೨ ವೋಲ್ಟ್, ೭ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ ೮೪ ವ್ಯಾಟ್-ಗಂಟೆಗಳ ಶಕ್ತಿಯಿದೆ. ವೇಗವಾಗಿ ಬಳಸಿದಾಗ ಅದರಲ್ಲಿ ಅರ್ಧದಷ್ಟು ದೊರೆತರೂ ಅರ್ಧಗಂಟೆಯ ಮೇಲೆ ಕೆಲಸ ನಡೆಯುವುದು. ಕರೆಂಟು ಹೋದಾಗ ಕೈಯಲ್ಲಿರುವ ಕಟ್ಟನ್ನು ಮುಗಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕೆ ಇಷ್ಟು ಸಾಕು.

೫

ಜೋಡಣೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹೊರಗೆ ಆಗಬಹುದಾದ ಕೆಲಸವನ್ನೆಲ್ಲ ಹೊರಗೇ ಮುಗಿಸಬೇಕೆಂಬುದೇ ಮುಖ್ಯ ಸೂತ್ರ. ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿರಿಸಿ ಪ್ರೊಸೆಸರನ್ನೂ ರ‍್ಯಾಮನ್ನೂ ಕೂರಿಸಬೇಕು. ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದದ ಎಂ.೨ ಎಸ್‌ಎಸ್‌ಡಿಯ ಸ್ಥಾನವು ಕೆಲವು ಹಲಗೆಗಳಲ್ಲಿ ಹಿಂಬದಿಗೆ ಇರುವುದರಿಂದ ಅದನ್ನೂ ಆಗಲೇ ಬಿಗಿಯಬೇಕು. ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಾದೀತು. ಥರ್ಮಲ್ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು ಹೀಟ್‌ಸಿಂಕನ್ನು ಕರ್ಣಾಕಾರವಾಗಿ, ಒಂದು ತಿರುಪಿನ ಬಳಿಕ ಎದುರಿನ ತಿರುಪನ್ನು ಬಿಗಿಯುತ್ತ ಕೂರಿಸಬೇಕು. ಹೊರಗೇ ಒಮ್ಮೆ ಚಾಲೂ ಮಾಡಿ ಪರದೆಯಲ್ಲಿ ಅಕ್ಷರಗಳು ಮೂಡಿದುವೆಂದು ಕಂಡ ಮೇಲೆ, ವಿದ್ಯುತ್ತನ್ನು ಕಡಿದು ಹಲಗೆಯನ್ನು ಪೆಟ್ಟಿಗೆಯೊಳಕ್ಕೆ ಇಳಿಸಬೇಕು. ಪ್ರೊಸೆಸರಿಗೆ ವಿದ್ಯುತ್ತನ್ನು ಒಯ್ಯುವ ಮೂಲೆಯ ತಂತಿಯನ್ನು ಎಸ್‌ಎಂಪಿಎಸ್ ಕೂರಿಸುವ ಮೊದಲೇ ಸಿಕ್ಕಿಸಬೇಕು. ಆಮೇಲೆ ಅಲ್ಲಿಗೆ ಬೆರಳು ಹೋಗದು. ಉಳಿದ ತಂತಿಗಳನ್ನು ಫ್ಯಾನಿನ ದಾರಿಗೆ ಅಡ್ಡಬಾರದಂತೆ ಅಂಚಿಗೆ ಕಟ್ಟಿದರೆ ಜೋಡಣೆಯು ಮುಗಿಯಿತು.

೬

ಈ ಯಂತ್ರದ ಸಂಗ್ರಹಶಕ್ತಿಯನ್ನು ನಮ್ಮ ಕೆಲಸದ ಅಳತೆಯಲ್ಲಿ ನೋಡೋಣ. ಎ೪ ಅಳತೆಯ ಒಂದು ಪುಟವನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಬಣ್ಣದಲ್ಲಿ ಪ್ರತಿ ತೆಗೆದರೆ, ಸಂಕೋಚಿಸದ ರೂಪದಲ್ಲಿ ಸುಮಾರು ೨೬ ಮೆಗಾಬೈಟುಗಳಾಗುತ್ತದೆ. ೬೦೦ ಚುಕ್ಕೆಗಳಲ್ಲಿ ಅದರ ನಾಲ್ಕರಷ್ಟು. ೧ ಟೆರಾಬೈಟಿನ ಎಸ್‌ಎಸ್‌ಡಿಯೊಂದರಲ್ಲಿ ಮೊದಲಿನ ರೀತಿಯ ೩೮,೦೦೦ ಪುಟಗಳು ಹಿಡಿಸುತ್ತವೆ. ಒಂದೇ ಪ್ರತಿಯನ್ನು ನಂಬಬಾರದು. ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳನ್ನಿರಿಸಿ, ಮೂರನೆಯ ಪ್ರತಿಯನ್ನು ನದಿಯಿಂದ ದೂರದ ಊರಿನಲ್ಲಿ ಇಡತಕ್ಕದ್ದು. ಮಹಾಪೂರದಿಂದ ಕಾಗದವನ್ನು ಉಳಿಸಹೊರಟವರು ತಮ್ಮ ಪ್ರತಿಗಳೆಲ್ಲವನ್ನೂ ಅದೇ ಮಹಾಪೂರದ ದಾರಿಯಲ್ಲಿ ಇಡುವುದು ವಿವೇಕವಲ್ಲ.

ಪ್ರತಿ ತೆಗೆದ ಮಾತ್ರಕ್ಕೆ ದಾಖಲೆಯು ಓದಲ್ಪಟ್ಟಂತಾಗುವುದಿಲ್ಲ. ಮೋಡಿ ಲಿಪಿಗೆ ಯೂನಿಕೋಡಿನಲ್ಲಿ ೨೦೧೪ರಲ್ಲಿ ಸ್ಥಾನ ದೊರೆತಿರುವುದರಿಂದ ಅದರ ಪಾಠವನ್ನು ಈಗ ಅದೇ ಲಿಪಿಯಲ್ಲಿ ಗಣಕಕ್ಕೆ ಏರಿಸಬಹುದು. ಆದರೆ ಗಡಿನಾಡಿನ ಕನ್ನಡ ಊರುಗಳ ಹೆಸರುಗಳನ್ನು ಅವಸರದ ಮೋಡಿ ಬರಹದಲ್ಲಿ ಗುರುತಿಸಲು ಎರಡೂ ಭಾಷೆಗಳನ್ನು ಬಲ್ಲ ಓದುಗನೇ ಬೇಕು. ಅಂತಹ ಓದುಗರು ವರ್ಷೇ ವರ್ಷೇ ಕಡಿಮೆಯಾಗುತ್ತಿರುವರು. ಅವರು ಇರುವಾಗಲೇ ಪ್ರತಿಗಳು ಅವರ ಮುಂದೆ ಬರಬೇಕು. ಅವರಿಗೆ ಉತ್ತರಾಧಿಕಾರಿಗಳಾಗಬಲ್ಲ ವಿದ್ಯಾರ್ಥಿಗಳು ಆ ಪ್ರತಿಗಳ ಮೇಲೆಯೇ ಅಭ್ಯಾಸ ಮಾಡಬೇಕು. ಮಳೆಗಾಲಕ್ಕೆ ಮುಂಚಿನ ನಾಲ್ಕು ತಿಂಗಳುಗಳಲ್ಲಿ, ನದಿಗೆ ಅತಿ ಸಮೀಪದ ಊರುಗಳಿಂದಲೇ ಈ ಕಾರ್ಯವನ್ನು ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಕಾಗದವು ಮನೆಯವರಲ್ಲಿಯೇ ಉಳಿಯುವುದು. ಅದರ ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಬರುವುದು ನಮ್ಮ ಕರ್ತವ್ಯ.