ಚೈನಿನ ಹಲ್ಲು, ಅರದ ಹದ

ಕೊಪ್ಪಳ ಜಿಲ್ಲೆಯನ್ನು ಅರಣ್ಯಪ್ರದೇಶವೆಂದು ಯಾರೂ ಕರೆಯಲಾರರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಮಳೆ ಮುಗಿದುಹೋಗುವ, ಕುಷ್ಟಗಿ ಯಲಬುರ್ಗಾಗಳ ಕಡೆ ಎರಿ ಮಸಾರಿ ಹೊಲಗಳು ಬಯಲಾಗಿ ಹರಡಿದ, ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ನೆಲವನ್ನು ಆವರಿಸಿದ ಈ ಸೀಮೆಯಲ್ಲಿ ಮರವೆಂದರೆ ಬದುವಿನ ಮೇಲಿನ ಬೇವು, ಹಳ್ಳದ ದಂಡೆಯ ಕರಿಜಾಲಿ, ಊರ ಮುಂದಿನ ಹುಣಸೆ, ಕಟ್ಟೆಯ ಮೇಲಿನ ಆಲ ಅರಳಿಗಳು, ಮತ್ತು ಯಾರೂ ನೆಡದೆ ಎಲ್ಲೆಲ್ಲಿಯೂ ಎದ್ದು ನಿಂತಿರುವ ಬಳ್ಳಾರಿ ಜಾಲಿ. ಆದರೂ ಮರ ಕಡಿಯುವುದನ್ನೇ ವೃತ್ತಿಯಾಗಿ ಹಿಡಿದವರು ಇಲ್ಲಿ ಕಡಮೆಯೇನಲ್ಲ. ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಸವರಬೇಕಾದಾಗ, ಮುದಿಯಾದ ಮಾವಿನ ತೋಟಕ್ಕೆ ಹೊಸ ಚಿಗುರು ತರಿಸಬೇಕಾದಾಗ, ಗೋಡೆಯೊಳಕ್ಕೆ ಬೇರು ಬಿಟ್ಟ ಅರಳಿಯಿಂದ ಗೃಹಸ್ಥನು ಕಂಗೆಟ್ಟಾಗ, ರಸ್ತೆ ಅಗಲವಾಗುವಾಗ, ಕರೆ ಹೋಗುವುದು ಇವರಿಗೇ. ಹಿಂದೆ ಇವರ ಹೆಗಲ ಮೇಲೆ ಕೊಡಲಿಯೂ ಗರಗಸವೂ ಇದ್ದವು. ಇಂದು ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಚೈನ್ ಸಾ ಇದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂಬ ಗಾದೆಯು, ಕಟ್ಟಿಗೆಯ ಕಾವೇ ಇಲ್ಲದ ಈ ಯಂತ್ರದ ಮುಂದೆ ನಿರಾಧಾರವಾಯಿತೆನ್ನಬೇಕು.

ಯಂತ್ರ ಬಂದು ಕೆಲಸ ಹಗುರವಾಯಿತು, ಕೈಚಳಕಕ್ಕೆ ಬೆಲೆ ಇಲ್ಲದಾಯಿತು ಎಂಬುದು ನೋಡುವವರ ಎಣಿಕೆ. ಮಾಡುವವರ ಎಣಿಕೆ ಬೇರೆ. ರಿಪೇರಿ ಅಂಗಡಿಯ ಮುಂದೆ ಯಂತ್ರ ಹಿಡಿದು ಕಾದು ಕುಳಿತವರ ನಡುವೆ ಎಂಜಿನ್ನಿನ ಶಕ್ತಿಯ ವಿಚಾರ ಬೇಗನೆ ಮುಗಿದುಹೋಗಿ, ಚೈನು, ಹಲ್ಲು, ಎಣ್ಣೆ, ಧೂಳುಗಳ ವಿಚಾರ ಮುಗಿಯದೆ ಬೆಳೆಯುತ್ತದೆ. ಎಂಜಿನ್ನು ಎಷ್ಟೇ ದೊಡ್ಡದಿರಲಿ, ಹಲ್ಲು ಮೊಂಡಾದರೆ ಅದು ಕೊಯ್ಯುವುದಿಲ್ಲ, ಬರಿದೇ ಉಜ್ಜುತ್ತದೆ ಎಂಬಲ್ಲಿ ಅವರೆಲ್ಲರೂ ಒಮ್ಮತದವರು. ಈ ವೃತ್ತಿಯಲ್ಲಿ ಯಂತ್ರಕ್ಕಿಂತ ಅರವೇ ಮುಖ್ಯವಾದ ಉಪಕರಣವೆಂದು ನಾನೂ ಒಪ್ಪಿದ್ದೇನೆ.

ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಈ ಯಂತ್ರದ ವಂಶಾವಳಿಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಸರಪಳಿಗೆ ಹಲ್ಲು ಕಟ್ಟುವ ಯೋಚನೆ ಮೊದಲು ಹೊಳೆದುದು ಮರ ಕಡಿಯುವವರಿಗಲ್ಲ, ವೈದ್ಯರಿಗೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್, ಜೇಮ್ಸ್ ಜೆಫ್ರಿ ಎಂಬ ಇಬ್ಬರು, ಕಷ್ಟದ ಹೆರಿಗೆಯಲ್ಲಿಯೂ ಕೆಟ್ಟುಹೋದ ಮೂಳೆಯನ್ನು ತೆಗೆಯುವಲ್ಲಿಯೂ ಬಳಸುವುದಕ್ಕಾಗಿ, ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸವನ್ನು ರೂಪಿಸಿದರು. ಬಹುಕಾಲದ ತರುವಾಯ, 1926ರಲ್ಲಿ, ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ನಡೆಯುವ ಮರಗರಗಸವನ್ನು ಮಾಡಿದನು. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲಿನಿಂದ ನಡೆಯುವುದನ್ನು ತಂದನು. ಅವು ಇಬ್ಬರು ಹೊರಬೇಕಾದ ಭಾರದ ಯಂತ್ರಗಳು. ಅವುಗಳ ಚೈನಿನಲ್ಲಿದ್ದುದು ಹಳೆಯ ಕೈಗರಗಸದ ಹಲ್ಲುಗಳ ರೀತಿಯೇ ಆಗಿದ್ದು, ಅವು ಬೇಗ ಮೊಂಡಾಗುತ್ತಿದ್ದವು, ಮಸೆಯಲು ಹೊತ್ತು ತಿನ್ನುತ್ತಿದ್ದವು. 1946ರಲ್ಲಿ ಅಮೆರಿಕದ ಆರೆಗನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಕೊರಡಿನೊಳಗೆ ಮರಹುಳುವಿನ ಮರಿಯೊಂದು ಎಳೆಗೆ ಅಡ್ಡಲಾಗಿಯೂ ಉದ್ದಕ್ಕೂ ಸಮಾನ ಸಲೀಸಿನಿಂದ ಕೊರೆಯುತ್ತ ಹೋಗುವುದನ್ನು ಕಂಡು, ಅದರ ಬಾಗಿದ ದವಡೆಗಳನ್ನು ಗಮನವಿಟ್ಟು ಪರೀಕ್ಷಿಸಿ, ಆ ಆಕಾರವನ್ನೇ ಉಕ್ಕಿನಲ್ಲಿ ಮಾಡಿಸಿದನು. ಇಂದು ಯಲಬುರ್ಗಾದ ಹೊಲದಲ್ಲಿ ಹುಣಸೆಯನ್ನು ಕೊಯ್ಯುವ ಚೈನಿನ ಹಲ್ಲಿಗೆ ಆ ಹುಳುವೇ ಗುರು.

ಈ ಹಲ್ಲಿಗೆ ಎರಡು ಅಂಗಗಳಿವೆ. ಮುಂದೆ ಒಂದು ಗಿಡ್ಡ ಗುಬಟು, ಹಿಂದೆ ಬಾಗಿದ ಅಲಗು. ಗುಬಟು ಅಲಗಿಗಿಂತ ಸುಮಾರು 0.65 ಮಿಲಿಮೀಟರಿನಷ್ಟು ತಗ್ಗಿನಲ್ಲಿರುತ್ತದೆ. ಅಲಗು ಒಮ್ಮೆಗೆ ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಣಯಿಸುವುದು ಈ ಅಲ್ಪ ಅಂತರವೇ. ಮಸೆಯುವವನು ಚೈನಿನ ಅಳತೆಗೆ ತಕ್ಕ ದುಂಡು ಅರವನ್ನು, ಸಾಮಾನ್ಯವಾಗಿ 4 ಅಥವಾ 4.8 ಮಿಲಿಮೀಟರಿನದನ್ನು, ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ ನೂಕಬೇಕು. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರವೇ ಕೆಡುತ್ತದೆ. ಒಂದು ಹಲ್ಲಿಗೆ ಮೂರು ಸಲವಾದರೆ ಎಲ್ಲಕ್ಕೂ ಮೂರೇ ಸಲ. ಬಲಗೈಯವನಿಗೆ ಒಂದು ಪಕ್ಕದ ಹಲ್ಲುಗಳು ಸುಲಭ, ಮತ್ತೊಂದು ಪಕ್ಕದವು ಕಷ್ಟ; ಆದುದರಿಂದ ಅರಿಯದೆಯೇ ಒಂದು ಪಕ್ಕ ಹೆಚ್ಚು ಸವೆದು, ಕೊಯ್ತವು ನೆಟ್ಟಗೆ ಇಳಿಯದೆ ವಕ್ರವಾಗಿ ತಿರುಗತೊಡಗುತ್ತದೆ. ಕೊಯ್ತ ವಕ್ರವಾದಾಗ ಮರವನ್ನೋ ಯಂತ್ರವನ್ನೋ ಬಯ್ಯುವವನು ಹೊಸಬ; ತನ್ನ ಕೈಯನ್ನು ಶಂಕಿಸುವವನು ಪಳಗಿದವ. ಹಲವು ಸಲ ಅಲಗನ್ನು ಮಸೆದ ಮೇಲೆ ಚಪ್ಪಟೆ ಅರದಿಂದ ಗುಬಟನ್ನೂ ತಗ್ಗಿಸಬೇಕು. ಆದರೆ ಆತುರದಿಂದ ಅದನ್ನು ಅತಿಯಾಗಿ ಇಳಿಸಿದರೆ ಹಲ್ಲು ಮರವನ್ನು ಕೊಯ್ಯುವುದರ ಬದಲು ಹಿಡಿದೆಳೆಯುತ್ತದೆ, ಯಂತ್ರವು ಕೈಯಲ್ಲಿಯೇ ಜಗ್ಗಾಡುತ್ತದೆ.

ಹಲ್ಲಿನ ಯೋಗಕ್ಷೇಮವನ್ನು ಹೊಟ್ಟು ನೋಡಿ ಹೇಳಬಹುದು. ಅವಲಕ್ಕಿಯಂತಹ ಚಕ್ಕೆಗಳು ಹಾರಿದರೆ ಹದವಾಗಿದೆ. ಹಿಟ್ಟಿನಂತಹ ಪುಡಿ ಬಿದ್ದರೆ ಮೊಂಡಾಗಿದೆ. ಮೊಂಡಾದುದನ್ನು ಕಂಡೂ ಕೆಲಸ ನಿಲ್ಲಿಸದವನು ಯಂತ್ರವನ್ನು ಮರದ ಮೇಲೆ ಅದುಮುತ್ತಾನೆ. ಅದುಮಿದರೆ ಚೈನು ಓಡುವ ಉಕ್ಕಿನ ಪಟ್ಟಿ ಕಾಯುತ್ತದೆ, ಕ್ಲಚ್ಚು ಸುಡುತ್ತದೆ, ತೋಳು ಸೋಲುತ್ತದೆ, ಸೋತ ತೋಳಿನಿಂದ ಅಪಘಾತಕ್ಕೆ ದಾರಿಯಾಗುತ್ತದೆ.

ಈ ಸೀಮೆಯಲ್ಲಿ ಹಲ್ಲು ಮೊಂಡಾಗಲು ಕಾರಣಗಳು ಧಾರಾಳ. ಹುಣಸೆ, ಜಾಲಿಗಳ ಒಣಗಿದ ತಿರುಳು ಕಠಿಣ. ಬೇಸಗೆಯ ಗಾಳಿಗೆ ತೊಗಟೆಯ ಬಿರುಕುಗಳಲ್ಲೆಲ್ಲ ಮರಳುಧೂಳು ತುಂಬಿರುತ್ತದೆ. ಬಿದ್ದ ಕೊರಡನ್ನು ತುಂಡರಿಸುವಾಗ ಚೈನು ಕ್ಷಣಮಾತ್ರ ನೆಲಕ್ಕೆ ತಾಗಿದರೂ ಅರ್ಧ ದಿನದ ಹರಿತ ಹೋಯಿತು. ಎಲ್ಲಕ್ಕಿಂತ ದೊಡ್ಡ ವೈರಿ ಮೊಳೆ. ದಾರಿಯ ಬೇವುಗಳಿಗೆ ಜಾಹೀರಾತಿನ ತಗಡು ಬಡಿದ ಮೊಳೆಗಳು, ಹಳೆಯ ಮರಗಳಿಗೆ ದೆವ್ವ ಕಟ್ಟಿಹಾಕಲೆಂದು ಹೊಡೆದ ಮೊಳೆಗಳು, ಬೇಲಿಯ ಮುಳ್ಳುತಂತಿಯ ತುಂಡುಗಳು, ಇವೆಲ್ಲವನ್ನೂ ಮರವು ಕಾಲಕ್ರಮದಲ್ಲಿ ತನ್ನೊಳಗೆ ನುಂಗಿಕೊಂಡು ಮೇಲೆ ಏನೂ ಅರಿಯದಂತೆ ನಿಂತಿರುತ್ತದೆ. ಆದರೆ ಒಂದು ಗುರುತುಂಟು. ಕಬ್ಬಿಣವು ಮರದ ಒಗರು ರಸದೊಡನೆ ಕೂಡಿದಾಗ ಸುತ್ತಲಿನ ಕಟ್ಟಿಗೆ ನೀಲಿಗಪ್ಪಾಗುತ್ತದೆ. ಹಾರುವ ಚಕ್ಕೆಯಲ್ಲಿ ಆ ಬಣ್ಣ ಕಂಡೊಡನೆ ಯಂತ್ರ ನಿಲ್ಲಿಸುವವನು ಒಂದು ಚೈನನ್ನು ಉಳಿಸಿಕೊಂಡನು.

ಎಣ್ಣೆಯ ವಿಚಾರದಲ್ಲಿ ಮಿತವ್ಯಯವು ಹಲವೊಮ್ಮೆ ದುಂದಾಗುತ್ತದೆ. ಇದು ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಅದರೊಳಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಆಧಾರ. ಉತ್ತಮ ಎಣ್ಣೆಯಾದರೆ ಲೀಟರಿಗೆ 20 ಮಿಲಿಲೀಟರ್, ಸಾಧಾರಣದ್ದಾದರೆ 40, ಎಂಬುದು ರೂಢಿಯ ಪ್ರಮಾಣ. ಕಣ್ಣಂದಾಜಿನಿಂದ ಸುರಿದವನ ಪಿಸ್ಟನ್ನು ಒಂದು ದಿನ ಹಿಡಿದುಕೊಳ್ಳುವುದು ನಿಶ್ಚಯ. ಚೈನಿಗೆ ಹಾಕುವ ಎಣ್ಣೆ ಬೇರೆ. ಅದರ ಬದಲು ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಹಾಕುವ ಚಾಳಿಯುಂಟು. ಅದರಲ್ಲಿ ತೇಲುವ ಲೋಹದ ಕಣಗಳು ಎಣ್ಣೆ ಪಂಪನ್ನೂ ಪಟ್ಟಿಯ ಅಂಚಿನ ತೋಡನ್ನೂ ತಿಂದುಹಾಕುತ್ತವೆ. ಗಾಳಿಯ ಫಿಲ್ಟರನ್ನು ದಿನವೂ ಝಾಡಿಸುವುದು, ಆ ತೋಡಿನಲ್ಲಿ ಮೆತ್ತಿದ ಹೊಟ್ಟನ್ನು ಕೆರೆಯುವುದು, ಎರಡೂ ಅಂಚು ಸಮವಾಗಿ ಸವೆಯಲೆಂದು ಪಟ್ಟಿಯನ್ನು ಆಗಾಗ ಮಗುಚಿ ಹಾಕುವುದು, ಇವಕ್ಕೆ ಹೊತ್ತು ಹೆಚ್ಚು ಬೇಡ.

ಬಳ್ಳಾರಿ ಜಾಲಿಯ ಮಾತು ಬಂದರೆ ಈ ವೃತ್ತಿಯವರ ಮುಖಭಾವವೇ ಬದಲಾಗುತ್ತದೆ, ಏಕೆಂದರೆ ಅನ್ನ ಕೊಡುವುದೂ ಅದೇ, ಮೈ ಹರಿಯುವುದೂ ಅದೇ. ಮೆಕ್ಸಿಕೋ, ದಕ್ಷಿಣ ಅಮೆರಿಕಗಳ ಈ ಗಿಡದ ಬೀಜವನ್ನು 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರೆಂದು ಅರಣ್ಯದ ಚರಿತ್ರೆ ಹೇಳುತ್ತದೆ. ಬರದ ನಾಡಿಗೆ ಸೌದೆ ಒದಗಿಸಲೆಂದು ಬೆಳೆಸಿದುದು ಕೆರೆಯಂಗಳ, ಹಳ್ಳದ ಪಾತ್ರಗಳನ್ನೆಲ್ಲ ನುಂಗಿತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದಾಗ ಜನರು ಎದುರಿಸಬೇಕಾದ ಶತ್ರುಗಳಲ್ಲಿ ಇದೂ ಒಂದು. ನೆಲಮಟ್ಟಕ್ಕೆ ಕೊಯ್ದರೆ ಬುಡದಿಂದ ಹತ್ತು ಕವಲಾಗಿ ಮತ್ತೆ ಚಿಗುರುತ್ತದೆ. ಬೇರಿನ ನೆತ್ತಿಯನ್ನು ಮಣ್ಣಿನೊಳಗಿಂದಲೇ ತೆಗೆಯಬೇಕು, ಅಲ್ಲಿ ಚೈನಿಗೆ ಪ್ರವೇಶವಿಲ್ಲ, ಗುದ್ದಲಿಯೇ ಗತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಇದನ್ನು ಅನುಮತಿಯ ಬಂಧನದಿಂದ ಬಿಟ್ಟಿದೆ. ಆ ಸಡಿಲಿಕೆಯಿಲ್ಲದ ಮರಗಳಿಗೆ ವೃಕ್ಷಾಧಿಕಾರಿಯ ಅಪ್ಪಣೆ ಪಡೆಯತಕ್ಕದ್ದು.

ಮರವನ್ನು ಬೀಳಿಸುವುದಕ್ಕಿಂತ ಉಳಿಸಿ ಸವರುವುದು ಹೆಚ್ಚಿನ ವಿದ್ಯೆ. ಈ ನೆಲಕ್ಕೆ ಅದು ಹೊಸದೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ನಮ್ಮ ಕಾಲದಲ್ಲಿ ಅಮೆರಿಕದ ಅರಣ್ಯಸೇವೆಯ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ, ಇದೇ ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರ ಸುಮಾರಿಗೆ ಒಂದು ಸಿದ್ಧಾಂತವನ್ನು ಮುಂದಿಟ್ಟನು: ಗಾಯವಾದ ಕಟ್ಟಿಗೆಯನ್ನು ಮರವು ಮತ್ತೆ ಹೊಸದಾಗಿ ಮಾಡಿಕೊಳ್ಳಲಾರದು, ಅದರ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಅಲ್ಲಿಯೇ ತಡೆಯುತ್ತದೆ. ಆ ಗೋಡೆಗೆ ಬೇಕಾದ ಬಲವಿರುವುದು ಕೊಂಬೆಯ ಬುಡದಲ್ಲಿ ಉಬ್ಬಿ ಕಾಣುವ ಬಳೆಯಲ್ಲಿ. ಬುಡಕ್ಕೆ ನುಣುಪಾಗಿ ಕೊಯ್ದು ಆ ಬಳೆಯನ್ನೇ ಕಿತ್ತುಹಾಕಿದರೆ, ಮೇಲೆ ಡಾಂಬರು ಬಳಿದುದರಿಂದ ಕೊಳೆ ನಿಲ್ಲುವುದಿಲ್ಲ. ತಿಳಿದವರು ದೊಡ್ಡ ಕೊಂಬೆಗೆ ಮೂರು ಕೊಯ್ತ ಹಾಕುತ್ತಾರೆ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ, ಅದಕ್ಕೂ ಆಚೆ ಮೇಲಿನಿಂದ ಪೂರ್ತಿ, ಕಡೆಗೆ ಉಳಿದ ಮೋಟನ್ನು ಬಳೆಯ ಹೊರಗೆ. ಹೀಗೆ ಮಾಡಿದರೆ ಬೀಳುವ ಕೊಂಬೆ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಕುಷ್ಟಗಿ ಯಲಬುರ್ಗಾಗಳ ದಾಳಿಂಬೆ ಬೆಳೆಗಾರರು ದುಂಡಾಣು ಅಂಗಮಾರಿಯಿಂದ ತೋಟಗಳನ್ನೇ ಕಳೆದುಕೊಂಡು ಕಲಿತ ಪಾಠವೊಂದಿದೆ: ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಔಷಧದಲ್ಲಿ ಅದ್ದಬೇಕು. ಬೇವಿನ ತುದಿಗಳನ್ನು ಒಣಗಿಸುವ ಶಿಲೀಂಧ್ರರೋಗ ಕಾಣಿಸಿಕೊಂಡಿರುವ ಈ ದಿನಗಳಲ್ಲಿ ಆ ಶುಚಿತ್ವ ಚೈನ್ ಸಾ ಹಿಡಿದವರಿಗೂ ಬರಬೇಕಾಗಿದೆ.

ಅಪಾಯವನ್ನು ಹೇಳದೆ ಈ ಬರಹವನ್ನು ನಿಲ್ಲಿಸುವಂತಿಲ್ಲ. ಚೈನು ಸೆಕೆಂಡಿಗೆ ಇಪ್ಪತ್ತು ಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಪಟ್ಟಿಯ ಮೂತಿಯ ಮೇಲಿನ ಕಾಲುಭಾಗವು ಏನಕ್ಕಾದರೂ ತಗುಲಿದರೆ ಯಂತ್ರವು ರೆಪ್ಪೆ ಬಡಿಯುವುದರೊಳಗೆ ಮುಖದ ಕಡೆಗೆ ಸಿಡಿಯುತ್ತದೆ. ಮುಂದಿನ ಕೈಗಾಪಿನ ಬ್ರೇಕು ಇರುವುದು ಅದಕ್ಕಾಗಿ, ಅದನ್ನು ಬಿಚ್ಚಿಟ್ಟು ದುಡಿಯುವವರೂ ಇದ್ದಾರೆ. ವಿದೇಶಗಳಲ್ಲಿ ತೊಡುವ ಚೈನ್ ಸಾ ಷರಾಯಿಯೊಳಗಿನ ಉದ್ದನೆಯ ನೂಲೆಳೆಗಳು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತವೆ. ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಅದನ್ನು ತೊಡಿರೆಂದು ಹೇಳುವುದು ನೆರಳಿನಲ್ಲಿ ಕುಳಿತು ಬರೆಯುವವನಿಗೆ ಸುಲಭ. ಆದರೆ ಚಪ್ಪಲಿಯ ಬದಲು ಗಟ್ಟಿ ಬೂಟು, ಕಣ್ಣಿಗೊಂದು ಕನ್ನಡಕ, ನೂರು ಡೆಸಿಬೆಲ್ಲಿಗೂ ಮೀರಿದ ಸದ್ದಿನಿಂದ ಕಿವಿಯನ್ನು ಕಾಯುವ ಒಂದು ಜೊತೆ ಬಿರಟೆ, ಇವು ಒಂದು ಹೊಸ ಚೈನಿನ ಬೆಲೆಗೆ ಹೆಚ್ಚು ಕಡಮೆ ಸಿಕ್ಕುವ ವಸ್ತುಗಳು. ಅಪ್ಪನ ಹಿಂದೆ ಮರಕ್ಕೆ ಬರುವ ಹುಡುಗನಿಗೆ ಯಂತ್ರ ಕೊಡುವುದಕ್ಕೆ ಮುಂಚೆ ಇವನ್ನೂ ಒಂದು ಅರವನ್ನೂ ಕೊಡುವುದು ಅಸಾಧ್ಯವಾದ ಕೆಲಸವಲ್ಲ.