ಬೀಳ್ಕೊಡುಗೆಯ ಮಾತು

ಅಂಗಣವನ್ನು ಬಿಡುವವನ ಮಾತಿನಲ್ಲಿ ಅವನ ಸಂಸ್ಕಾರವು ಗೋಚರಿಸುವುದು. ಬೆಂಗಳೂರು ತಂಡದ ಕಾಲ್ಚೆಂಡಾಟಗಾರರಾದ ಸುನಿಲ್ ಛೆತ್ರಿಯವರು ಭಾರತ ತಂಡದಿಂದ ನಿವೃತ್ತರಾಗುವೆವೆಂದು 2024ನೆಯ ಮೇ 16ರಂದು ಆಡಿದ ಮಾತನ್ನು, ತುಮಕೂರಿನ ನಮ್ಮ ಮನೆಯಲ್ಲಿ ಮಗನ ಮೊಬೈಲಿನಲ್ಲಿ ಕೇಳಿದೆವು. 19 ವರ್ಷ ದೇಶಕ್ಕಾಗಿ ಆಡಿ 94 ಗೋಲುಗಳನ್ನು ಹೊಡೆದವರು ಅವರು. ಆದರೆ ಆ ಲೆಕ್ಕದಿಂದ ಆರಂಭಿಸಲಿಲ್ಲ. 2005ರಲ್ಲಿ ದೇಶದ ಪರವಾಗಿ ಆಡಿದ ಮೊದಲ ದಿನವನ್ನೂ, ಅಂದು ತಮ್ಮನ್ನು ಆಡಿಸಿದ ಗುರು ಸುಖಿಯವರನ್ನೂ ಸ್ಮರಿಸಿದರು. ಸುದ್ದಿ ಕೇಳಿ ತಂದೆಗೆ ನೆಮ್ಮದಿಯಾಯಿತೆಂದೂ, ತಾಯಿಯೂ ಮಡದಿಯೂ ಅತ್ತರೆಂದೂ ಸಂಕೋಚವಿಲ್ಲದೆ ಹೇಳಿದರು. 2025ರಲ್ಲಿ ಅವರು ಮರಳಿ ಆಡಿದುದು ಬೇರೆಯ ಮಾತು.

ಕೇಳಿದ ನಮಗೆ ನಾಚಿಕೆಯಾಯಿತು. ಕುಣಿಗಲ್ಲಿನಲ್ಲಿ ನಾವು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ದಿನ, ಹಾರ ಶಾಲುಗಳ ಸಂಭ್ರಮದಲ್ಲಿ ಅರ್ಧ ಗಂಟೆ ಮಾತನಾಡಿ, ಬಾಲ್ಯದಲ್ಲಿ ಗುಬ್ಬಿಯಲ್ಲಿ ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ ಗುರುಗಳ ಹೆಸರನ್ನೇ ಮರೆತಿದ್ದೆವು. ಆ ವೃದ್ಧರು ಸಭೆಯ ಮೂರನೆಯ ಸಾಲಿನಲ್ಲಿಯೇ ಕುಳಿತಿದ್ದರು!

ಛೆತ್ರಿಯವರ ಮಾತನ್ನು ಕೇಳಿದ ಮರುದಿನವೇ ಬಸ್ಸು ಹತ್ತಿ ಗುಬ್ಬಿಗೆ ಹೋಗಿ ಗುರುಗಳ ಪಾದಕ್ಕೆರಗಿದೆವು. "ಅಂದು ಭಾಷಣ ಚೆನ್ನಾಗಿತ್ತಪ್ಪಾ" ಎಂದು ನಕ್ಕರು, ಬೇರೇನನ್ನೂ ಹೇಳಲಿಲ್ಲ.

ನಿವೃತ್ತರಾಗಲಿರುವ ವಾಚಕರು, ಕೊರಳಿಗೆ ಹಾರ ಬೀಳುವ ಮುನ್ನವೇ, ಗುರುಗಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.